ಆಫ್‌ರೋಡ್ ಗಾಡಿಗೆ ಅಲ್ಯೂಮಿನಿಯಂ ಬಂಪರ್: ತುಮಕೂರು ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಥಾರ್, ಜಿಮ್ನಿ, ಗೂರ್ಖಾಗಳು ತುಮಕೂರು, ಮಧುಗಿರಿ, ಪಾವಗಡದ ಕಡೆ ಈಗ ಅಪರೂಪವಲ್ಲ. ಗಾಡಿ ಮನೆಗೆ ಬಂದು ಪೂಜೆ ಮುಗಿಯುವಷ್ಟರಲ್ಲಿ ಮಾಲೀಕರ ಕಣ್ಣು ಮುಂದಿನ ಬಂಪರಿನ ಮೇಲೆ ಬಿದ್ದಿರುತ್ತದೆ. ಕಂಪನಿಯ ಪ್ಲಾಸ್ಟಿಕ್ ಬಂಪರ್ ಕಳಚಿ ಲೋಹದ್ದು ಹಾಕಿಸಬೇಕು, ಅಲ್ಯೂಮಿನಿಯಂ ಆದರೆ ಹಗುರ ಎಂಬ ಮಾತು ಶುರುವಾಗುತ್ತದೆ. ಅಂಗಡಿಯಲ್ಲಿ ಮುಂಗಡ ಕೊಡುವ ಮೊದಲು ಇದನ್ನು ಓದಿಕೊಳ್ಳಿ.

ನನ್ನ ಗಾಡಿಗೆ ನಿಜವಾಗಿಯೂ ಇದು ಬೇಕೇ?

ಹೆಚ್ಚಿನವರಿಗೆ ಬೇಡ. ಭಾನುವಾರ ಡಾಂಬರು ರಸ್ತೆಯಲ್ಲೇ ದೇವರಾಯನದುರ್ಗ ಹತ್ತಿಳಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆ ಸೇರುವವರಿಗೆ ಕಂಪನಿಯ ಬಂಪರೇ ಸಾಕು.

ಬದಲಿಸಲು ನಾನು ಒಪ್ಪುವ ಕಾರಣಗಳು ಇಷ್ಟೇ. ಕಡಿದಾದ ದಿಣ್ಣೆಗೆ ಗಾಡಿ ಮುಖ ಕೊಟ್ಟಾಗ ಬಂಪರಿನ ಕೆಳತುಟಿ ಮೊದಲು ತಗುಲುತ್ತಿದ್ದರೆ ಅದನ್ನು ಮೇಲೆತ್ತಬೇಕು. ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಮುಂದೆ ಗಟ್ಟಿಯಾದ ಕೊಂಡಿ ಬೇಕು. ಅಥವಾ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ, ಕೂರಿಸಬೇಕು. ಮೊದಲ ಕಾರಣವೂ ಎಲ್ಲ ಗಾಡಿಗೂ ಹೊಂದುವುದಿಲ್ಲ. ಮೂರು ಬಾಗಿಲಿನ ಥಾರ್‌ನ ಅಪ್ರೋಚ್ ಆಂಗಲ್, ಅಂದರೆ ಮುಂದಿನ ಟೈರಿನಿಂದ ಬಂಪರಿನ ಅಂಚಿಗೆ ಎಳೆದ ಗೆರೆ ನೆಲದೊಂದಿಗೆ ಮಾಡುವ ಕೋನ, ಕಂಪನಿಯಿಂದ ಬಂದಾಗಲೇ ಸುಮಾರು 41 ಡಿಗ್ರಿ ಇದೆ. ಜಿಮ್ನಿಯದು 36 ಡಿಗ್ರಿ. ಮಧುಗಿರಿ ಸುತ್ತಿನ ಬಂಡೆ ಮೆಟ್ಟಿಲುಗಳಲ್ಲಿ ಜಿಮ್ನಿಯವರಿಗೆ ಈ ಐದು ಡಿಗ್ರಿಯ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. ಥಾರ್ ಇಟ್ಟುಕೊಂಡವರು ಕೋನದ ಕಾರಣ ಹೇಳಿ ಬಂಪರ್ ಬದಲಿಸುತ್ತೇನೆ ಎಂದರೆ ನಾನು ನಂಬುವುದಿಲ್ಲ. ಅಂದಕ್ಕಾಗಿ ಹಾಕಿಸುವುದಾದರೆ ಹಾಗೆಂದು ಒಪ್ಪಿಕೊಳ್ಳುವುದೇ ವಾಸಿ, ಆಗ ಖರ್ಚಿನ ಲೆಕ್ಕವಾದರೂ ನೇರವಾಗಿರುತ್ತದೆ.

ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಅಂಗಡಿಯವರು "ಇದು ಬುಲ್ ಬಾರ್ ಅಲ್ಲ, ಬಂಪರ್, ಏನೂ ಆಗುವುದಿಲ್ಲ" ಎನ್ನುತ್ತಾರೆ.

ಅಂಗಡಿಯವರ ಮಾತು ಅಂಗಡಿಯ ಬಾಗಿಲವರೆಗೆ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್‌ಗಳು ಈ ಕಲಮಿನ ಉಲ್ಲಂಘನೆ, ಕ್ರಮ ಕೈಗೊಳ್ಳಿ ಎಂದು ಸೂಚಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ, ಒಪ್ಪಿಗೆಯಿಲ್ಲದೆ ಗಾಡಿ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು.

ಬುಲ್ ಬಾರ್ ಎಂದರೆ ಬಂಪರಿನ ಮುಂದೆ ಹೆಚ್ಚುವರಿಯಾಗಿ ಕೂರಿಸುವ ಕೊಳವೆಗಳ ಚೌಕಟ್ಟು. ನಾವು ಮಾತನಾಡುತ್ತಿರುವುದು ಬಂಪರನ್ನೇ ಬದಲಿಸುವ ವಿಚಾರ. ಎರಡೂ ಬೇರೆ ಎಂಬುದು ನಿಜವಾದರೂ 52ನೇ ಕಲಮಿನ ಎದುರು ಆ ವಾದ ನಿಲ್ಲುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ತಯಾರಕರೇ ನಿಮ್ಮ ಮಾದರಿಗೆ ಮಾರುವ ಅಧಿಕೃತ ಪರಿಕರವಾದರೆ ಬಿಲ್ ಸಮೇತ ಇಟ್ಟುಕೊಳ್ಳಿ. ಉಳಿದದ್ದಕ್ಕೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ತುಮಕೂರಿನ ಕೆಎ 06 ಇರಲಿ, ಮಧುಗಿರಿಯ ಕೆಎ 64 ಇರಲಿ, ಕೋಲಾರದ ಕೆಎ 07 ಇರಲಿ, ಕಾಯ್ದೆ ಒಂದೇ.

ಇಲ್ಲಿಂದ ಮುಂದಿನದನ್ನೆಲ್ಲ ಖಾಸಗಿ ಜಮೀನಿನಲ್ಲಿ, ಅನುಮತಿ ಪಡೆದ ಕೂಟಗಳಲ್ಲಿ ಗಾಡಿ ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಅಲ್ಯೂಮಿನಿಯಮ್ಮಿನ ನಿಜವಾದ ಲಾಭವೂ ಅವರಿಗೇ ಹೆಚ್ಚು: ಇಬ್ಬರು ಸೇರಿದರೆ ಕಳಚಿ ಶೆಡ್ಡಿನ ಮೂಲೆಗೆ ಒರಗಿಸಿ, ಕಂಪನಿಯ ಬಂಪರ್ ಮರಳಿ ಕೂರಿಸಿಕೊಂಡು ರಸ್ತೆಗಿಳಿಯಬಹುದು. ಉಕ್ಕಿನ ಬಂಪರನ್ನು ಹೀಗೆ ಹಾಕಿ ತೆಗೆಯುವ ಉತ್ಸಾಹ ಎರಡನೇ ಸಲಕ್ಕೇ ಇಳಿದುಹೋಗುತ್ತದೆ.

ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗ ತೂಗುತ್ತದೆಯಂತೆ. ಹಾಗಾದರೆ ಬಂಪರಿನ ತೂಕವೂ ಮೂರನೇ ಒಂದಕ್ಕೆ ಇಳಿಯುತ್ತದೆಯೇ?

ಇಳಿಯುವುದಿಲ್ಲ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ, ಉಕ್ಕು 7.85 ಗ್ರಾಂ, ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಅಲ್ಯೂಮಿನಿಯಮ್ಮಿನ ಬಿಗಿತವೂ ಉಕ್ಕಿನ ಮೂರನೇ ಒಂದು ಭಾಗವೇ. ಅದೇ ದಪ್ಪದ ಹಾಳೆ ಹಾಕಿದರೆ ಮೂರು ಪಟ್ಟು ಹೆಚ್ಚು ಬಾಗುತ್ತದೆ. ಹಾಳೆಯ ಬಾಗುಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, 3 ಮಿ.ಮೀ. ಉಕ್ಕಿಗೆ ಸಮನಾಗಲು ಸುಮಾರು 4.3 ಮಿ.ಮೀ. ಅಲ್ಯೂಮಿನಿಯಂ ಬೇಕು. 3 ಮಿ.ಮೀ. ಉಕ್ಕಿನ ಒಂದು ಚದರ ಮೀಟರ್ ಹಾಳೆ ಇಪ್ಪತ್ತಮೂರೂವರೆ ಕೆ.ಜಿ., 4.3 ಮಿ.ಮೀ. ಅಲ್ಯೂಮಿನಿಯಂ ಹನ್ನೊಂದೂವರೆ ಕೆ.ಜಿ. 5 ಮಿ.ಮೀ. ಹಾಕಿದರೆ ಹದಿಮೂರೂವರೆ. ಅಲ್ಲಿಗೆ ಅರ್ಧದ ಆಸುಪಾಸು. ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಹಿಡಿಯುವ ಬ್ರಾಕೆಟ್‌ಗಳು ಹೇಗೂ ಉಕ್ಕಿನವೇ ಇರಬೇಕಾದ್ದರಿಂದ ಉಳಿತಾಯ ಇನ್ನೂ ಸ್ವಲ್ಪ ಕರಗುತ್ತದೆ.

ಆದ್ದರಿಂದ "ಉಕ್ಕಿನದು 45 ಕೆ.ಜಿ., ನಮ್ಮದು 15 ಕೆ.ಜಿ., ಗಟ್ಟಿತನ ಅಷ್ಟೇ" ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು. ಸಾಮಾನ್ಯವಾಗಿ ಸುಳ್ಳಾಗುವುದು ಎರಡನೆಯದು. ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಳೆಯ ಅಂಚನ್ನು ಅಳೆಯಿರಿ. ಅಂಚು ಮಡಚಿ ಮುಚ್ಚಿದ್ದರೆ ಯಾವುದಾದರೂ ತೂತಿನ ಒಳಗಿನಿಂದ ಅಳೆಯಿರಿ.

ಇಷ್ಟು ತೂಕಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕೇ?

ಬಂಪರ್ ಕೂರುವುದು ಮುಂದಿನ ಆಕ್ಸಲಿಗಿಂತಲೂ ಮುಂದೆ. ಅಲ್ಲಿ ಇಟ್ಟ ತೂಕ ಸನ್ನೆಗೋಲಿನ ಲೆಕ್ಕದಲ್ಲಿ ಹೆಚ್ಚಾಗುತ್ತದೆ. ಥಾರ್‌ನ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ಅಂತರ, 2,450 ಮಿ.ಮೀ. ಆಕ್ಸಲಿನಿಂದ 60 ಸೆಂ.ಮೀ. ಮುಂದೆ 40 ಕೆ.ಜಿ. ಹೇರಿದರೆ ಮುಂದಿನ ಚಕ್ರಗಳ ಮೇಲೆ ಬೀಳುವುದು 50 ಕೆ.ಜಿ.; ಹಿಂದಿನ ಚಕ್ರಗಳಿಂದ 10 ಕೆ.ಜಿ. ಇಳಿಯುತ್ತದೆ. ಸುಮಾರು 1,200 ಕೆ.ಜಿ. ತೂಗುವ ಜಿಮ್ನಿಗೆ ಇದು ಸಣ್ಣ ಮಾತಲ್ಲ. ಮೂತಿ ತಗ್ಗುತ್ತದೆ, ಗುಂಡಿಯಲ್ಲಿ ಸ್ಪ್ರಿಂಗ್ ಬೇಗ ತಳ ಮುಟ್ಟುತ್ತದೆ, ಹೆಡ್‌ಲೈಟಿನ ಬೆಳಕು ಹತ್ತಿರದಲ್ಲೇ ಬೀಳುತ್ತದೆ. ಥಾರ್, ಹೊಸ ಗೂರ್ಖಾಗಳ ಮುಂದಿನ ಸಸ್ಪೆನ್ಶನ್ ಸ್ವತಂತ್ರ ಬಗೆಯದು. ಮೂತಿ ತಗ್ಗಿದಷ್ಟೂ ಚಕ್ರದ ಕೋನ ಬದಲಾಗಿ ಟೈರು ಒಂದು ಕಡೆ ಸವೆಯುತ್ತದೆ. ಬಂಪರ್ ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಹೊಂದಾಣಿಕೆ ಎರಡನ್ನೂ ಮಾಡಿಸಿ. ಉಕ್ಕಿನ ಬಂಪರ್ ಹಾಕಿಸಿ ಆಮೇಲೆ ಗಟ್ಟಿ ಸ್ಪ್ರಿಂಗಿಗೆ ಖರ್ಚು ಮಾಡುವವರ ಒಟ್ಟು ಲೆಕ್ಕ ತೆಗೆದರೆ ಅಲ್ಯೂಮಿನಿಯಂ ಅಷ್ಟೇನೂ ದುಬಾರಿ ಎನಿಸುವುದಿಲ್ಲ.

5052, 6061 ಎಂದೆಲ್ಲ ಹೇಳುತ್ತಾರೆ. ಯಾವುದು ಒಳ್ಳೆಯದು?

ಇವು ಅಲ್ಯೂಮಿನಿಯಂ ಮಿಶ್ರಲೋಹದ ಗ್ರೇಡುಗಳು. ಎಲ್ಲಿಗೆ ಯಾವುದು ಎಂದು ಕೇಳಬೇಕು. 5052 ಮಡಚಿದರೆ ಸೀಳುವುದಿಲ್ಲ, ಪೆಟ್ಟು ಬಿದ್ದರೆ ತಗ್ಗುತ್ತದೆಯೇ ಹೊರತು ಸುಲಭವಾಗಿ ಒಡೆಯುವುದಿಲ್ಲ. ಬಂಪರಿನ ಹೊರಕವಚಕ್ಕೆ ಅದು ಹೇಳಿ ಮಾಡಿಸಿದ್ದು. 6061 ಟಿ6 ಹದದಲ್ಲಿ, ಅಂದರೆ ಕಾಯಿಸಿ ಗಡುಸು ಮಾಡಿದಾಗ, ಹೆಚ್ಚು ಬಲಶಾಲಿ, ಆದರೆ ಚೂಪಾಗಿ ಮಡಚಲು ಹೋದರೆ ಬಿರುಕು ಬಿಡುತ್ತದೆ. ಬೋಲ್ಟ್ ಹಾಕಿ ಹಿಡಿಯುವ ದಪ್ಪ ತುಂಡುಗಳಿಗೆ ಅದು ಸರಿ.

ಬೆಸುಗೆ ಹಾಕಿದರೆ ಎರಡೂ ಮೆತ್ತಗಾಗುತ್ತವೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. 6061 ಟಿ6 ಆದರೆ ಬೆಸುಗೆಯ ಅಕ್ಕಪಕ್ಕದ ಒಂದಿಂಚು ಜಾಗದಲ್ಲಿ ಬಲ ಅರ್ಧದ ಆಸುಪಾಸಿಗೆ ಬರುತ್ತದೆ. ಹಾಗಾಗಿ ಜಾಣ ವಿನ್ಯಾಸದಲ್ಲಿ ಮಡಿಕೆಗಳು ಹೆಚ್ಚು, ಬೆಸುಗೆಗಳು ಕಡಿಮೆ. ಇರುವ ಬೆಸುಗೆಯೂ ಹೆಚ್ಚು ಜಗ್ಗುವ ಜಾಗದಿಂದ ದೂರ. ಹತ್ತಾರು ತುಂಡುಗಳನ್ನು ಜೋಡಿಸಿ ಎಲ್ಲ ಅಂಚಿಗೂ ಬೆಸುಗೆ ಎಳೆದು ಗ್ರೈಂಡ್ ಮಾಡಿ ಪಾಲಿಶ್ ಹೊಡೆದ ಬಂಪರ್ ನೋಡಲು ಚೆಂದ. ಬೆಸುಗೆಯನ್ನು ಗ್ರೈಂಡ್ ಮಾಡಿ ಮುಚ್ಚಿಟ್ಟದ್ದನ್ನು ಕಂಡರೆ ನಾನಂತೂ ಅನುಮಾನ ಪಡುತ್ತೇನೆ.

ನಮ್ಮ ಕಡೆ ಎಚ್ಚರ ವಹಿಸಬೇಕಾದ ಎರಡು ಸಾಮಾನುಗಳಿವೆ. ಒಂದು, ಕಿಟಕಿ ಬಾಗಿಲಿಗೆ ಬಳಸುವ ಸೆಕ್ಷನ್. ಅಂಗಡಿಗಳಲ್ಲಿ ಎಚ್‌ಇ9 ಎಂದು ಕೇಳಿದರೆ ಸಿಗುವುದು ಅದೇ, ಅಂದರೆ 6063. ಇನ್ನೊಂದು, ಲಾರಿ ಬಸ್ಸುಗಳ ನೆಲಕ್ಕೆ ಹಾಸುವ ಚೆಕ್ಕರ್ ಪ್ಲೇಟ್. ಎರಡೂ ತಮ್ಮ ತಮ್ಮ ಕೆಲಸಕ್ಕೆ ಚೆನ್ನ, ಬಂಡೆಗೆ ಎದೆಕೊಡುವ ಕೆಲಸಕ್ಕಲ್ಲ. ಹಾಳೆಯ ಮಿಲ್ ಸರ್ಟಿಫಿಕೇಟ್, ಅಂದರೆ ಲೋಹ ತಯಾರಿಸಿದ ಕಾರ್ಖಾನೆ ಗ್ರೇಡು ಬರೆದುಕೊಡುವ ಪತ್ರ, ತೋರಿಸಿ ಎಂದು ಕೇಳಿ. ತೋರಿಸಲಾಗದವರು ಹೇಳುವ ಗ್ರೇಡು ಬಾಯಿಮಾತು. ಅಯಸ್ಕಾಂತ ಅಂಟದಿದ್ದರೆ ಅಲ್ಯೂಮಿನಿಯಂ ಎಂದು ತೀರ್ಮಾನಿಸುವಂತಿಲ್ಲ, ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲಿಗೂ ಅದು ಅಂಟುವುದಿಲ್ಲ.

ಬಂಪರ್ ನೋಡಲು ಹೋದಾಗ ಮೊದಲು ಏನನ್ನು ನೋಡಬೇಕು?

ಹಿಂಭಾಗವನ್ನು. ಮುಂಭಾಗ ಹೇಗಿದೆ ಎಂದು ಫೋಟೊದಲ್ಲೇ ಗೊತ್ತಾಗಿರುತ್ತದೆ. ಅಂಗಡಿಯವರಿಗೆ ಹೇಳಿ ಬಂಪರನ್ನು ಬೋರಲು ಹಾಕಿಸಿ, ಚಾಸಿಗೆ ಹಿಡಿಯುವ ಎರಡು ಬ್ರಾಕೆಟ್‌ಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡಿ. ಈ ಬರಹದಲ್ಲಿ ಒಂದೇ ಒಂದು ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಏಕೆಂದರೆ ನೀವು ಕೊಳ್ಳುತ್ತಿರುವುದು ಆ ಬ್ರಾಕೆಟ್‌ಗಳನ್ನು. ಮುಂದಿನ ಹಾಳೆ ಅದರ ಜೊತೆಗೆ ಬರುತ್ತದೆ.

ಬ್ರಾಕೆಟ್ ಉಕ್ಕಿನದೇ, ದಪ್ಪ ಎಷ್ಟು? 6 ಮಿ.ಮೀ.ಗಿಂತ ತೆಳುವಾದರೆ ಮುಂದೆ ಮಾತು ಬೇಡ. ಅದು ಚಾಸಿಯ ರೈಲು ತುದಿಗೆ ಕೇವಲ ಎರಡು ಬೋಲ್ಟಿನಲ್ಲಿ ನೇತಾಡುತ್ತದೆಯೇ, ಅಥವಾ ತುದಿಗೂ ಪಕ್ಕಕ್ಕೂ ಎರಡು ದಿಕ್ಕಿನಲ್ಲಿ ಹಿಡಿಯುತ್ತದೆಯೇ? ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಬಲದ ದರ್ಜೆಯ ಅಚ್ಚು ಇದೆಯೇ? ತಲೆ ಬೋಳಾಗಿದ್ದರೆ ಅದು ಗೇಟಿಗೆ ಹಾಕುವ ಬೋಲ್ಟು. ಉಕ್ಕಿನ ಬ್ರಾಕೆಟ್ ಅಲ್ಯೂಮಿನಿಯಂ ಹಾಳೆಯನ್ನು ಮುಟ್ಟುವಲ್ಲಿ ನಡುವೆ ನೈಲಾನ್ ಅಥವಾ ರಬ್ಬರ್ ಹಾಳೆ ಇದೆಯೇ? ಎರಡು ಲೋಹಗಳು ನೇರವಾಗಿ ಕೂಡಿ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಹಿಟ್ಟಿನಂತೆ ಉದುರತೊಡಗುತ್ತದೆ. ಪಾವಗಡದ ಒಣಹವೆಯಲ್ಲಿ ಇದು ನಿಧಾನ, ಮಂಗಳೂರಿನಲ್ಲಿ ಬೇಗ. ಬೋಲ್ಟಿನ ತಲೆಯ ಕೆಳಗೆ ಅಗಲವಾದ ದಪ್ಪ ವಾಷರ್ ಇರಬೇಕು, ಇಲ್ಲದಿದ್ದರೆ ತಲೆ ಮೆತ್ತನೆಯ ಲೋಹದೊಳಗೆ ಇಳಿದು ಬಿಗಿ ಸಡಿಲವಾಗುತ್ತದೆ.

ಬ್ರಾಕೆಟ್ ತುದಿಯ ಬೆಸುಗೆಯನ್ನೂ ನೋಡಿ. ಒಳ್ಳೆಯ ಟಿಗ್ (ಆರ್ಗಾನ್ ಅನಿಲದ ಮರೆಯಲ್ಲಿ ಹಾಕುವ) ಬೆಸುಗೆ ಒಂದರ ಮೇಲೊಂದು ಒರಗಿಸಿದ ನಾಣ್ಯಗಳ ಸಾಲಿನಂತೆ ಸಮನಾಗಿ ಸಾಗಿರುತ್ತದೆ. ಮಸಿ ಬಣ್ಣ, ಸೂಜಿಮೊನೆಯಷ್ಟು ತೂತುಗಳು, ಕೊನೆಯಲ್ಲಿ ಗುಳಿ ಇವು ಕಂಡರೆ ಲೋಹವನ್ನು ಸರಿಯಾಗಿ ಶುಚಿ ಮಾಡಿಲ್ಲ ಅಥವಾ ಆರ್ಗಾನ್ ಸಾಕಾಗಿಲ್ಲ ಎಂದರ್ಥ. ಗುಳಿಬಿದ್ದ ತುದಿಯಿಂದಲೇ ಮುಂದೆ ಬಿರುಕು ಹೊರಡುತ್ತದೆ.

ಏರ್‌ಬ್ಯಾಗ್, ಸೆನ್ಸರ್‌ಗಳ ಗತಿ ಏನು?

ಇದನ್ನು ಕೇಳದೆ ಬಂಪರ್ ಕೊಳ್ಳುವವರು ಬಹಳ ಮಂದಿ. ಕಂಪನಿಯ ಪ್ಲಾಸ್ಟಿಕ್ ಬಂಪರ್ ಬರಿಯ ಮುಸುಕು. ಅದರ ಹಿಂದೆ ಒಂದು ಅಡ್ಡತೊಲೆ, ಗುದ್ದಿದಾಗ ಲೆಕ್ಕಾಚಾರದ ಪ್ರಕಾರ ನಜ್ಜುಗುಜ್ಜಾಗಲೆಂದೇ ಮಾಡಿದ ಭಾಗಗಳು ಇರುತ್ತವೆ. ಅವು ಎಷ್ಟು ಹೊತ್ತಿನಲ್ಲಿ ಎಷ್ಟು ಕುಸಿಯುತ್ತವೆ ಎಂಬುದರ ಮೇಲೆ ಏರ್‌ಬ್ಯಾಗ್ ಯಾವಾಗ ಉಬ್ಬಬೇಕು ಎಂಬ ಲೆಕ್ಕ ನಿಂತಿದೆ. ಗಟ್ಟಿ ಬಂಪರನ್ನು ನೇರವಾಗಿ ಚಾಸಿಗೆ ಕಟ್ಟಿದರೆ ಆ ಲೆಕ್ಕ ತಪ್ಪುತ್ತದೆ: ಸಣ್ಣ ಗುದ್ದಿಗೇ ಉಬ್ಬಬಹುದು, ದೊಡ್ಡದಕ್ಕೆ ತಡವಾಗಬಹುದು. ಥಾರ್‌ಗೆ 2020ರಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂದದ್ದು ಕಂಪನಿಯ ಬಂಪರ್ ಇದ್ದ ಗಾಡಿಗೆ, ನಿಮ್ಮ ಹೊಸ ಬಂಪರಿನ ಗಾಡಿಗಲ್ಲ.

"ಏರ್‌ಬ್ಯಾಗಿಗೆ ಹೊಂದುತ್ತದೆ" ಎಂಬ ಬರಹ ಅಂಟಿಸಿದ್ದರೆ ಯಾವ ಮಾದರಿಯ ಮೇಲೆ, ಎಲ್ಲಿ ಪರೀಕ್ಷೆ ಮಾಡಿದ್ದು ಎಂದು ಕೇಳಿ. ಕಾಂಗರೂ ಕಾಟವಿರುವ ಆಸ್ಟ್ರೇಲಿಯಾದಲ್ಲಿ ಇಂಥ ಬಂಪರ್‌ಗಳಿಗೆ ಪ್ರತ್ಯೇಕ ಮಾನದಂಡವೇ ಇದೆ, ದೊಡ್ಡ ತಯಾರಕರು ಅದರಂತೆ ಕುಸಿಯುವ ಬ್ರಾಕೆಟ್ ಕೊಡುತ್ತಾರೆ. ನಮ್ಮ ಊರಿನ ವರ್ಕ್‌ಶಾಪಿನಲ್ಲಿ ಮಾಡಿದ ಬಂಪರಿಗೆ ಅಂಥ ಪರೀಕ್ಷೆ ಆಗಿರಲು ಸಾಧ್ಯವಿಲ್ಲ. ಐದು ಬಾಗಿಲಿನ ಥಾರ್ ರಾಕ್ಸ್‌ನ ಮೇಲಿನ ಮಾದರಿಗಳಲ್ಲಿ ಮುಂದೆ ರೇಡಾರ್ ಕೂಡ ಇದೆ. ಅದರ ಮುಂದೆ ಲೋಹ ಬಂದರೆ ಅದು ಕುರುಡು. ಜಿಮ್ನಿ ಆಲ್ಫಾದಲ್ಲಿ ಹೆಡ್‌ಲೈಟ್ ತೊಳೆಯುವ ನೀರಿನ ಮೂತಿಗಳಿವೆ. ಹೊಸ ಬಂಪರಿನಲ್ಲಿ ಅವಕ್ಕೆ ಜಾಗ ಇದೆಯೇ ಎಂದು ನೋಡಿ.

ನಮ್ಮೂರ ದಾರಿಯಲ್ಲಿ ದನ, ಕಾಡುಹಂದಿ ಅಡ್ಡ ಬರುತ್ತವೆ. ರಾತ್ರಿ ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದೆ ದೀಪವೇ ಇರುವುದಿಲ್ಲ. ಗಟ್ಟಿ ಬಂಪರ್ ಇದ್ದರೆ ಒಳ್ಳೆಯದಲ್ಲವೇ?

ವೇಗ ಇಳಿಸಿ. ಟ್ರೈಲರಿಗೆ ಗುದ್ದಿದಾಗ ಕುಸಿಯದ ಬಂಪರ್ ಆ ಪೆಟ್ಟನ್ನು ಒಳಗೆ ಕೂತವರಿಗೆ ದಾಟಿಸುತ್ತದೆ. ದಾರಿಹೋಕರಿಗೆ, ಸೈಕಲಿನವರಿಗೆ ತಗುಲಿದರೆ ಪ್ಲಾಸ್ಟಿಕ್ ಮಾಡುವ ಗಾಯಕ್ಕೂ 5 ಮಿ.ಮೀ. ಲೋಹದ ಅಂಚು ಮಾಡುವ ಗಾಯಕ್ಕೂ ಹೋಲಿಕೆಯೇ ಇಲ್ಲ. ಬಂಪರಿನ ಹೊರ ಅಂಚುಗಳೆಲ್ಲ ದುಂಡಗಿರಬೇಕು, ಮುಂದಕ್ಕೆ ಚಾಚಿದ ಮೂಲೆ ಇರಬಾರದು. ಬೆರಳು ಸವರಿದಾಗ ಚುಚ್ಚಿದರೆ ಬೇಡ.

ವಿಂಚ್ ಕೂರಿಸಲು ಅಲ್ಯೂಮಿನಿಯಂ ಬಂಪರ್ ತಡೆಯುತ್ತದೆಯೇ?

ವಿಂಚ್ ಕೂರಬೇಕಾದ್ದು ಬಂಪರಿನ ಮೇಲಲ್ಲ, ಬಂಪರಿನೊಳಗೆ ಅಡಗಿರುವ ಉಕ್ಕಿನ ತಟ್ಟೆಯ ಮೇಲೆ. ಆ ತಟ್ಟೆ ಎರಡೂ ಚಾಸಿ ರೈಲುಗಳಿಗೆ ತಾನೇ ನೇರವಾಗಿ ಬೋಲ್ಟ್ ಆಗಿರಬೇಕು. ಎಳೆತದ ಬಲ ಅಲ್ಯೂಮಿನಿಯಮ್ಮನ್ನು ಮುಟ್ಟಲೇಕೂಡದು. ಕೆರೆ ಅಂಗಳದ ಜೇಡಿಯಲ್ಲಿ ಆಕ್ಸಲ್ ಮಟ್ಟಕ್ಕೆ ಹೂತ ಗಾಡಿಯನ್ನು ಎಳೆಯಲು ಬೇಕಾದ ಬಲ ಗಾಡಿಯ ತೂಕವನ್ನೂ ಮೀರಬಹುದು. ಅದಕ್ಕೇ ಜನ ತುಂಬಿದ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ಬೇಕು ಎನ್ನುವುದು. ತುಂಬಿದಾಗ ಒಂದೂವರೆ ಟನ್ ದಾಟುವ ಜಿಮ್ನಿಗೆ ಸುಮಾರು 2,300 ಕೆ.ಜಿ.ಯದು ಸಾಕು. 9,500 ಪೌಂಡಿನದು ಎಂದರೆ 4,300 ಕೆ.ಜಿ.; ಜಿಮ್ನಿಗೆ ಅದು ಅನಗತ್ಯ ಭಾರ. ಬರೆದಿರುವ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ, ಹಗ್ಗ ಸುತ್ತಿಕೊಂಡಷ್ಟೂ ಎಳೆತ ಇಳಿಯುತ್ತದೆ ಎಂಬುದೂ ನೆನಪಿರಲಿ.

ಸಿಂಥೆಟಿಕ್ ಹಗ್ಗವೋ ಉಕ್ಕಿನ ತಂತಿಯೋ ಎಂದರೆ ನನ್ನ ಆಯ್ಕೆ ಸಿಂಥೆಟಿಕ್. ತೂಕ ಕಡಿಮೆ, ತುಂಡಾದರೂ ಉಕ್ಕಿನ ತಂತಿಯ ಹಾಗೆ ಬೀಸಿ ಬಂದು ಹೊಡೆಯುವ ಅಪಾಯ ಕಡಿಮೆ. ಆದರೆ ನಮ್ಮ ಗ್ರಾನೈಟ್ ಅಂಚಿಗೆ ಉಜ್ಜಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬಂಡೆಗೆ ತಾಗುವಲ್ಲಿ ಹಳೆಯ ಗೋಣಿಚೀಲವನ್ನಾದರೂ ಹಾಸಿ. ಹಗ್ಗ ಹೊರಬರುವ ಬಾಯಿಗೆ ಫೇರ್‌ಲೀಡ್ ಎನ್ನುತ್ತಾರೆ: ಸಿಂಥೆಟಿಕ್ ಹಗ್ಗಕ್ಕೆ ನುಣುಪಾದ ಅಲ್ಯೂಮಿನಿಯಂ ಫೇರ್‌ಲೀಡ್, ಉಕ್ಕಿನ ತಂತಿಗೆ ರೋಲರ್. ಮೊದಲು ತಂತಿ ಓಡಿಸಿದ ಅಲ್ಯೂಮಿನಿಯಂ ಫೇರ್‌ಲೀಡಿಗೆ ಆಮೇಲೆ ಸಿಂಥೆಟಿಕ್ ಹಾಕಬೇಡಿ, ತಂತಿ ಕೊರೆದ ಗೀರುಗಳು ಹಗ್ಗವನ್ನು ತಿನ್ನುತ್ತವೆ.

ಬಂಪರಿನಲ್ಲಿರುವ ತೂತಿಗೆ ಶ್ಯಾಕಲ್ (ಎಳೆಯುವ ಯು ಆಕಾರದ ಕೊಂಡಿ) ಹಾಕಿ ಎಳೆಯಬಹುದೇ? ಹೈ-ಲಿಫ್ಟ್ ಜಾಕ್ (ಗಾಡಿ ಎತ್ತುವ ಉದ್ದನೆಯ ಜಾಕ್) ಕೊಡಬಹುದೇ?

ಆ ತೂತಿರುವ ಕಿವಿ ಚಾಸಿಗೆ ಹೋಗುವ ಉಕ್ಕಿನ ತುಂಡಾಗಿದ್ದರೆ ಎಳೆಯಬಹುದು. ಅಲ್ಯೂಮಿನಿಯಂ ಹಾಳೆಗೇ ಕೊರೆದ ತೂತಾಗಿದ್ದರೆ ಅದು ಅಲಂಕಾರ. ಜಾಕ್ ವಿಚಾರದಲ್ಲಿ ಉತ್ತರ ಇನ್ನೂ ಚಿಕ್ಕದು: ತಯಾರಕರು ಜಾಕಿಗೆಂದೇ ಜಾಗ ಗುರುತಿಸಿಲ್ಲವಾದರೆ ಬೇಡ.

ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುವುದಿಲ್ಲವೇ?

ಆಗಬಹುದು. ಏಪ್ರಿಲ್‌ನಲ್ಲಿ ಶಿರಾ, ಪಾವಗಡದ ಕಡೆ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಮೊದಲ ಗೇರಿನಲ್ಲಿ ತೆವಳುವಾಗ ಗಾಳಿ ಹೇಗೂ ಕಡಿಮೆ. ಅದರ ಮೇಲೆ ವಿಂಚ್, ಲೈಟ್ ಬಾರ್, ನಂಬರ್ ಪ್ಲೇಟ್ ಎಲ್ಲವೂ ಸೇರಿ ರೇಡಿಯೇಟರಿನ ಬಾಯಿ ಮುಚ್ಚಿದರೆ ತಾಪದ ಮುಳ್ಳು ಏರುತ್ತದೆ. ಕಂಪನಿಯ ಬಂಪರಿನಲ್ಲಿ ಗಾಳಿ ನುಗ್ಗುವ ಕಿಂಡಿ ಎಷ್ಟಿತ್ತು, ಹೊಸದರಲ್ಲಿ ಎಷ್ಟಿದೆ ಎಂದು ಅಳೆದು ನೋಡಿ. ಒಳಗಿದ್ದ ಗಾಳಿ ತಿರುಗಿಸುವ ಪ್ಲಾಸ್ಟಿಕ್ ಹಾಳೆಗಳನ್ನು ಫಿಟ್ಟರ್ ಕಿತ್ತು ಬಿಸಾಡದಂತೆ ಪಕ್ಕದಲ್ಲೇ ನಿಂತಿರಿ.

ತುಮಕೂರಿನಲ್ಲೇ ಮಾಡಿಸಬಹುದೇ, ಬೆಂಗಳೂರಿಗೆ ಹೋಗಬೇಕೇ?

ಉಕ್ಕಿನದಾದರೆ ಅಂತರಸನಹಳ್ಳಿ, ಹಿರೇಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಮಾಡುವ ಕೈಗಳಿಗೆ ಕೊರತೆಯಿಲ್ಲ. ಅಲ್ಯೂಮಿನಿಯಂ ಬೇರೆ ಕಸುಬು. ಗೇಟು, ಗ್ರಿಲ್ಲು ಮಾಡುವ ಆರ್ಕ್ ವೆಲ್ಡಿಂಗಿನವರು ಇದಕ್ಕೆ ಸಲ್ಲುವುದಿಲ್ಲ. ಎಸಿ ಟಿಗ್ ಯಂತ್ರ, ಆರ್ಗಾನ್ ಸಿಲಿಂಡರ್, ಅಲ್ಯೂಮಿನಿಯಮ್ಮಿಗೆಂದೇ ಮೀಸಲಿಟ್ಟ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ ಇರುವ ಕಡೆ ಮಾತ್ರ ಕೊಡಿ. ಆ ಬ್ರಷ್ಷಿನಲ್ಲೇ ಕಬ್ಬಿಣವನ್ನೂ ಉಜ್ಜುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಪೀಣ್ಯದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್ ಮಾಡುವವರು ಅನೇಕರಿದ್ದಾರೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೇರ ದಾರಿ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಕೊನೆಗೆ ಬೆಂಗಳೂರೇ ಹತ್ತಿರ. ಜೆ.ಸಿ. ರಸ್ತೆಯಲ್ಲಿ ಸಿದ್ಧ ಸರಕು ನೋಡಬಹುದು, ಆದರೆ ಮೇಲೆ ಹೇಳಿದ ಕುಕ್ಕರಗಾಲಿನ ಪರೀಕ್ಷೆ ಅಲ್ಲಿಯೂ ತಪ್ಪಬಾರದು.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಗಾಡಿಯ ವರ್ಷ, ಮಾದರಿ, ಬಾಗಿಲುಗಳ ಸಂಖ್ಯೆ ಬರೆದು ಖಚಿತಪಡಿಸಿಕೊಳ್ಳಿ. 2020ಕ್ಕಿಂತ ಹಿಂದಿನ ಥಾರ್‌ಗೂ ನಂತರದ ಥಾರ್‌ಗೂ ಹೆಸರೊಂದೇ ಸಮಾನ. ಪಾರ್ಸೆಲ್ ಬಂದಾಗ ಸಹಿ ಹಾಕುವ ಮೊದಲು ಬಿಚ್ಚಿ ಮೂಲೆಗಳನ್ನು ನೋಡಿ.

ಬಂಡೆಗೆ ಬಡಿದು ತಗ್ಗಾದರೆ ಟಿಂಕರಿಂಗ್ ಅಂಗಡಿಯಲ್ಲಿ ಸರಿಯಾಗುತ್ತದೆಯೇ?

ಸಣ್ಣ ತಗ್ಗಾದರೆ ಹಾಗೆಯೇ ಬಿಡಿ. ಉಕ್ಕನ್ನು ಕಾಯಿಸಿ ಬಡಿಯುವ ಕೈಗಳಿಗೆ ಅಲ್ಯೂಮಿನಿಯಂ ಮೋಸ ಮಾಡುತ್ತದೆ. ಅದು ಕರಗುವ ಮೊದಲು ಕೆಂಪಗಾಗುವುದಿಲ್ಲ. 600 ಡಿಗ್ರಿ ದಾಟುತ್ತಿದ್ದಂತೆ ಥಟ್ಟನೆ ಕುಸಿದು ಬೀಳುತ್ತದೆ. ತಣ್ಣಗಿರುವಾಗ ಮತ್ತೆ ಮತ್ತೆ ಬಡಿದರೆ ಗಡುಸಾಗಿ ಸೀಳುತ್ತದೆ.

ತಗ್ಗಿಗಿಂತ ಬಿರುಕಿಗೆ ಹೆದರಬೇಕು. ಒಂದು ಮಿತಿಯೊಳಗಿನ ಅದುರುವಿಕೆಯನ್ನು ಉಕ್ಕು ಎಷ್ಟು ಕಾಲವಾದರೂ ತಾಳಿಕೊಳ್ಳಬಲ್ಲದು. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ, ಪ್ರತಿ ಅದುರುವಿಕೆಯೂ ಅದರ ಆಯುಷ್ಯದಿಂದ ಸ್ವಲ್ಪ ಕಳೆಯುತ್ತದೆ. ಜಲ್ಲಿಕಲ್ಲಿನ ದಾರಿಯಲ್ಲಿ ಓಡಾಡಿ ಬಂದ ಮೇಲೆ ಬ್ರಾಕೆಟ್ ಸುತ್ತಿನ ಬೆಸುಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದು ನೋಡಿ. ಬೆಸುಗೆಯ ಅಂಚಿಗೆ ಅಂಟಿಕೊಂಡಂತೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡು, ಅದು ಉಗುರಿಗೆ ತಗುಲಿದರೆ ಬಿರುಕು. ಅದರ ಮೇಲೆ ಮತ್ತೆ ಬೆಸುಗೆ ಎಳೆಸಿ ಸುಮ್ಮನಾಗಬೇಡಿ. ಬಿರುಕಿನ ಕೊನೆ ಹುಡುಕಿ ಅಲ್ಲಿ ಚಿಕ್ಕ ತೂತು ಕೊರೆದು, ಬಿರುಕನ್ನು ಪೂರ್ತಿ ಕೆತ್ತಿ ತೆಗೆದು, ಆಮೇಲೆ ಹೊಸ ಬೆಸುಗೆ ಹಾಕಬೇಕು. ಬಿರುಕು ಎಳೆಯುವ ಕೊಂಡಿಯ ಹತ್ತಿರವಿದ್ದರೆ ಆ ಬಂಪರ್ ಗುಜರಿಗೆ. ಗುಜರಿಯಲ್ಲೂ ಅಲ್ಯೂಮಿನಿಯಮ್ಮಿಗೆ ಕಬ್ಬಿಣಕ್ಕಿಂತ ಒಳ್ಳೆಯ ಬೆಲೆ ಇದೆ.

ಜೊತೆಗೆ ಲೈಟ್ ಬಾರ್ ಹಾಕಿಸಿಬಿಡಲೇ?

2024ರಲ್ಲಿ ರಾಜ್ಯದಾದ್ಯಂತ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕೇಸು ಹಾಕಿದ್ದು ನಿಮಗೆ ನೆನಪಿರಬಹುದು. ಎದುರಿನವರ ಕಣ್ಣಿಗೆ ಕತ್ತಲೆ ಕಟ್ಟಿಸಿ ನೀವು ಕಾಣುವುದು ಏನೂ ಇಲ್ಲ.

ನಂಬರ್ ಪ್ಲೇಟ್?

ಮುಂದಿನ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕವನ್ನು ಮತ್ತೆ ಬಿಚ್ಚಲಾಗದ ಸ್ನ್ಯಾಪ್ ಲಾಕ್‌ನಿಂದ ಕೂರಿಸಿರುತ್ತಾರೆ. ಬಂಪರ್ ಬದಲಿಸಲು ಫಿಟ್ಟರ್ ಅದನ್ನು ಒಡೆದು ಸಾಮಾನ್ಯ ಸ್ಕ್ರೂ ಹಾಕಿಕೊಟ್ಟರೆ ತೊಂದರೆ ನಿಮ್ಮದು. ಮರಳಿ ಕೂರಿಸುವುದನ್ನು ಅಧಿಕೃತ ಡೀಲರ್ ಬಳಿಯೇ ಮಾಡಿಸಿ. ವಿಂಚಿನ ಹಗ್ಗದ ಹಿಂದೆ ಫಲಕ ಮರೆಯಾಗುವ ವಿನ್ಯಾಸ ಬೇಡ.

ವಿಮೆ, ವಾರಂಟಿಗೆ ತೊಂದರೆಯಾಗುತ್ತದೆಯೇ?

ಹೇಳದೆ ಮಾಡಿದರೆ ಆಗುತ್ತದೆ. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ನಮೂದಿಸಲು ಒಪ್ಪುತ್ತಾರೋ ಇಲ್ಲವೋ ಎಂಬ ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಒಪ್ಪದಿದ್ದರೆ ಅಪಘಾತದ ದಿನ ನೀವು ಒಬ್ಬಂಟಿ. ವೈರಿಂಗ್ ಕತ್ತರಿಸಿ ಜೋಡಿಸಿದ್ದರೆ ವಿದ್ಯುತ್ ಭಾಗಗಳ ವಾರಂಟಿ ನಿರಾಕರಿಸಲು ಡೀಲರಿಗೆ ಅಷ್ಟೇ ಸಾಕು. ಕಂಪನಿಯ ಬಂಪರ್, ಅದರ ಅಡ್ಡತೊಲೆ, ಕ್ಲಿಪ್ಪುಗಳನ್ನು ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಗಾಡಿ ಮಾರುವಾಗ, ಹದಿನೈದು ವರ್ಷದ ನಂತರ ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಿಸುವಾಗ ಬೇಕಾಗುತ್ತದೆ.

ಬಂಪರ್ ಹಾಕಿಸಿದೆ. ಎಲ್ಲಿ ಓಡಿಸಲಿ?

ಒಪ್ಪಿಗೆ ಇರುವ ಜಮೀನಿನಲ್ಲಿ. ದೇವರಾಯನದುರ್ಗದ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು. ಶಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರಾ ಧಾಮ, ಮಧುಗಿರಿಯ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲು ಬಯಲಿನಂತೆ ಕಂಡರೂ ಸಂರಕ್ಷಿತ ಜಾಗಗಳು. ಕೆಜಿಎಫ್‌ನ ಸೈನೈಡ್ ದಿಬ್ಬಗಳು ವಿಡಿಯೊಗಳಲ್ಲಿ ಆಕರ್ಷಕ. ಗಣಿ 2001ರಲ್ಲಿ ಮುಚ್ಚಿದೆ, ಅದರ ನುಣುಪು ಧೂಳು ಮಾತ್ರ ಹಾಗೆಯೇ ಇದೆ. ಅದನ್ನು ಎಬ್ಬಿಸಿ ಉಸಿರಾಡುವ ಅಗತ್ಯ ಯಾರಿಗೂ ಇಲ್ಲ. ಕೋಲಾರದವರು ಹಿಂದೆ ಒಣಗಿದ ಕೆರೆಗಳಲ್ಲಿ ಓಡಿಸುತ್ತಿದ್ದರು, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಅವುಗಳಲ್ಲಿ ಎಷ್ಟೋ ತುಂಬಿವೆ, ಅದು ಒಳ್ಳೆಯದೇ ಆಯಿತು.

ಬಣ್ಣ ಬೇಕೇ, ಬರಿಯ ಲೋಹವೇ ಇರಲೇ? ತೊಳೆಯುವುದು ಹೇಗೆ?

ಬರಿಯ ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಮಂಕಾಗುತ್ತದೆ ಅಷ್ಟೇ. ನನಗೆ ಅದೇ ಇಷ್ಟ, ಗೀರು ಬಿದ್ದರೂ ಎದ್ದು ಕಾಣುವುದಿಲ್ಲ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಮೊದಲು ರಾಸಾಯನಿಕ ಸಂಸ್ಕಾರ ಮಾಡುತ್ತಾರೆಯೇ ಎಂದು ಕೇಳಿ. ನೇರವಾಗಿ ಬಳಿದದ್ದು ಎರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಸರ್ವೀಸ್ ಸ್ಟೇಷನ್ನಿನಲ್ಲಿ ಲಾರಿಯ ಜಿಡ್ಡು ತೆಗೆಯಲು ಬಳಸುವ ಕಾಸ್ಟಿಕ್ ದ್ರಾವಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಶಾಂಪೂ ನೀರು ಸಾಕೆಂದು ಮೊದಲೇ ಹೇಳಿ. ನಮ್ಮ ಬೋರ್‌ವೆಲ್ ನೀರು ಗಡುಸು, ಬಿಸಿಲಿಗೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿ, ಕೈಯಲ್ಲಿ ಬಟ್ಟೆ ಇರುವಾಗಲೇ ಸ್ಪ್ಯಾನರ್ ತೆಗೆದು ಬೋಲ್ಟುಗಳ ಬಿಗಿಯನ್ನೂ ಒಮ್ಮೆ ನೋಡಿಬಿಡಿ.